ಇಳಿಯದ ನೊರೆಯ ಚಹಾ

“ಇದನ್ನ ಚಹಾ ಅಂತ ಯಾರ್ರೀ ಹೇಳಿದ್ದು ನಿಮಗೆ?”

ಆಕೆ ಆ ಸಿಪಾಯಿಯನ್ನು ಮೊದಲು ಕಂಡದ್ದು ಹೀಗೆ, ಬೈಗುಳದ ಈಚೆ ಬದಿಯಲ್ಲಿ ನಿಂತು. ರೈಲು ನಿಲ್ದಾಣದ ಎರಡನೆಯ ಪ್ಲಾಟ್‌ಫಾರಂ ಮೇಲೆ ಆಕೆಯ ಚಹಾದಂಗಡಿ. ರೈಲು ನಿಲ್ಲುವುದು ಆರೇ ನಿಮಿಷ. ಹೆಗಲ ಚೀಲವನ್ನೂ ಇಳಿಸದೆ ಬಂದವನು “ಬೇಗ, ಬೇಗ” ಎಂದು ಮೂರು ಸಲ ಹಲಗೆ ಬಡಿದಿದ್ದ. ಹೊಸ ನೀರು ಕುದಿಯುವಷ್ಟು ತಾಳ್ಮೆ ಇಲ್ಲದವನಿಗೆ ಏನು ಕೊಡಬೇಕೋ ಅದನ್ನೇ ಆಕೆ ಕೊಟ್ಟಿದ್ದಳು. ಬೆಳಗಿನಿಂದ ಮೂರು ಸಲ ಕುದ್ದು ಸುಸ್ತಾಗಿದ್ದ ಚರಟಕ್ಕೆ ಬಿಸಿನೀರು ಹುಯ್ದು, ಬಟ್ಟೆಯಲ್ಲಿ ಹಿಂಡಿ, ಒಂದು ಲೋಟ. ಬೇಕೆಂದೇ ಕೊಟ್ಟಿದ್ದಳು.

ಆಕೆ: ಬೇಡ ಅಂದ್ರೆ ಲೋಟ ಇಟ್ಟು ಹೋಗಿ. ರೈಲು ಸೀಟಿ ಹಾಕ್ತಿದೆ.

ಸಿಪಾಯಿ: ಇಡ್ತೀನಿ, ಕುಡಿದು ಇಡ್ತೀನಿ. ಚಹಾ ಅಂದ್ರೆ ನಮ್ಮ ಠಾಣ್ಯದ್ದು! ಬೆಟ್ಟದ ನೆತ್ತಿ, ಸುತ್ತ ಹಿಮ, ಮಗ್ಗಿನ ಮೇಲೆ ಬೆರಳು ದಪ್ಪ ನೊರೆ!

ಆಕೆ: ನೊರೆ ಬೇಕಿದ್ರೆ ಬಟ್ಟೆ ಒಗೆಯೋ ಕಲ್ಲಿನ ಹತ್ರ ಹೋಗ್ಬೇಕಪ್ಪ, ನನ್ನ ಹತ್ರ ಯಾಕೆ ಬಂದ್ರಿ?

ಸಿಪಾಯಿ: ಚಹಾ ಆರಿ ತಣ್ಣಗಾದ್ರೂ ಆ ನೊರೆ ಇಳೀತಿರ್ಲಿಲ್ಲ, ಗೊತ್ತಾ?

ಆಕೆ: ನಿಮ್ಮ ಬಾಯಿನೂ ಅಲ್ಲೇ ಕಲಿತು ಬಂದಿದೆ ಅನ್ನಿ.

ರೈಲು ಹೊರಟಿತು. ಆಕೆ ಲೋಟ ತೆಗೆದು ನೋಡಿದಳು. ತಳದಲ್ಲಿ ಒಂದು ಹನಿಯೂ ಇರಲಿಲ್ಲ.

ಮುಂದಿನ ರಜೆಯಲ್ಲಿ ಅವನು ಅದೇ ನಿಲ್ದಾಣದಲ್ಲಿ ಇಳಿದು ಬೈದ. ಅದರ ಮುಂದಿನ ರಜೆಯಲ್ಲೂ ಬೈದ. ಮೂರನೆಯ ರಜೆಯಲ್ಲಿ, “ಬರೀ ಬೈಯೋಕೆ ಅಂತ ಇಷ್ಟು ದೂರ ರೈಲು ಹತ್ತೋದು ಕಷ್ಟ ಆಗ್ತಿದೆ. ಒಂದೇ ಮನೇಲಿದ್ರೆ ಅನುಕೂಲ” ಅಂದ. ಮದುವೆ ಆಯಿತು.

ಅನುಕೂಲವೇನೋ ಆಯಿತು, ಅವನಿಗೆ. ಆಕೆಯ ಚಹಾಕ್ಕೆ ಸ್ಟೇಷನ್ ಮಾಸ್ತರರು ಕೈಬಾವುಟ ಮರೆತು ನಿಲ್ಲುತ್ತಿದ್ದರು. ಇಂಜಿನ್ ಡ್ರೈವರುಗಳು ಇನ್ನೊಂದು ಲೋಟಕ್ಕಾಗಿ ಇಲ್ಲದ ರಿಪೇರಿ ಹುಡುಕುತ್ತಿದ್ದರು. ಮನೆಯಲ್ಲಿ ಮಾತ್ರ ಮೂವತ್ತೊಂದು ವರ್ಷ ಒಂದೂ “ಚೆನ್ನಾಗಿದೆ” ಹುಟ್ಟಲಿಲ್ಲ. ಊರೆಲ್ಲ ಹೊಗಳಿದರೇನು? ಈ ಒಂದು ಬಾಯಿಂದ ಒಂದು ಮಾತು ಬರಿಸಬೇಕು ಎಂಬ ಹಟ ಆಕೆಯೊಳಗೆ ಹಾಲಿನ ಕೆನೆಯ ಹಾಗೆ ಗಟ್ಟಿಯಾಗುತ್ತ ಹೋಯಿತು. ಪುಡಿ ಬದಲಿಸಿದಳು. ಡಬ್ಬಿಯ ಹಾಲು ಹಾಕಿದಳು. ಸಕ್ಕರೆ ಸುಟ್ಟು ಹಾಕಿದಳು. ಸ್ಟೂಲು ಹತ್ತಿ ನಿಂತು ಮೇಲಿನಿಂದ ಸುರಿದು ನೊರೆ ಎಬ್ಬಿಸಿದಳು.

ಸಿಪಾಯಿ: (ಲೋಟ ನೋಡುತ್ತ) ಇಳೀತು ನೋಡು.

ಆಕೆ: ಏನಿಳೀತು?

ಸಿಪಾಯಿ: ನೊರೆ. ನಾನು ಕನ್ನಡಕ ಹಾಕ್ಕೊಳ್ಳೋದ್ರೊಳಗೆ ಇಳೀತು. ಮತ್ತೆ ಆ ಘಮ ಇಲ್ಲ. ಒಂಥರಾ ಹೂವಿನ ಘಮ ಇರ್ತಿತ್ತು ಕಣೇ. ಕುಡಿದ್ರೆ ಒಳಗೆಲ್ಲ ಯಾರೋ ತೊಳೆದು ಇಟ್ಟ ಹಾಗೆ!

ಆಕೆ: ಹೋಗ್ಲಿ, ಅದನ್ನ ಕುಡಿದ ಬೇರೆಯವ್ರು ಏನಂತಿದ್ರು?

ಸಿಪಾಯಿ: ಅವ್ರಿಗೆ ನಾಲಗೆ ಎಲ್ಲಿತ್ತು? ಚಳಿಗೆ ಮರಗಟ್ಟಿತ್ತು. ರುಚಿ ಗೊತ್ತಿದ್ದೋನು ನಾನೊಬ್ಬನೇ. ಆ ಸೌಟಣ್ಣನ ಕೈಲಿ ಏನೋ ಗುಟ್ಟಿತ್ತು ಬಿಡು.

ಸೌಟಣ್ಣ ಅಂದರೆ ಠಾಣ್ಯದ ಅಡುಗೆಯವನು. ಬಂದೂಕಿಗಿಂತ ಸೌಟು ಹಿಡಿದದ್ದೇ ಹೆಚ್ಚೆಂದು ಇಡೀ ದಳವೇ ಇಟ್ಟ ಹೆಸರು. ಆಕೆ ಕೊನೆಗೆ ಒಂದು ಕಾಗದದಲ್ಲಿ, ತನಗೆ ಬರುವಷ್ಟು ದಪ್ಪ ಅಕ್ಷರದಲ್ಲಿ, “ಅಣ್ಣಾ, ಒಂದು ಸಲ ಬಂದು ನನ್ನ ಮಾನ ಉಳಿಸಿ” ಎಂದಷ್ಟೇ ಬರೆದು ಹಾಕಿದಳು. ಕಾಗದ ಕಂಡ ಸೌಟಣ್ಣ ಏನು ಅನಾಹುತವೋ ಎಂದು ಗಾಬರಿಬಿದ್ದು, ಚಪ್ಪಲಿ ಒಂದು ತನ್ನದು ಒಂದು ಹೆಂಡತಿಯದು ಮೆಟ್ಟಿಕೊಂಡು, ಮರುದಿನ ಮಧ್ಯಾಹ್ನವೇ ಬಂದಿಳಿದ.

ಸೌಟಣ್ಣ: ಯಾರಮ್ಮಾ ತಂಗಿ ನಿನ್ನ ಮಾನಕ್ಕೆ ಕೈ ಹಾಕಿದ್ದು?

ಆಕೆ: ನಿಮ್ಮ ಚಹಾ, ಅಣ್ಣಾ. ಕೂತ್ಕೊಳ್ಳಿ. ಒಲೆ ಅಲ್ಲಿದೆ, ಪುಡಿ ಇಲ್ಲಿದೆ. ಅವತ್ತು ಹೇಗೆ ಮಾಡ್ತಿದ್ರೋ ಹಾಗೇ ಮಾಡಿ. ನಾನು ಕಣ್ಣು ಮಿಟುಕಿಸದೆ ನೋಡ್ತೀನಿ.

ಸೌಟಣ್ಣ: ನೋಡೋಕೇನಿದೆ? ಹಿಮ ಕರಗಿಸ್ತಿದ್ದೆ. ಹಾಲಿನ ಪುಡಿ, ಚಹಾಪುಡಿ, ಸಕ್ಕರೆ ಒಟ್ಟಿಗೆ ಸುರೀತಿದ್ದೆ. ಸೌಟು ಆಡಿಸ್ತಿದ್ದೆ. ಕುಡಿದೋರು ಬೈತಿದ್ರು. ಮುಗೀತು.

ಸಿಪಾಯಿ: ಸುಳ್ಳು! ಮತ್ತೆ ಆ ನೊರೆ?

ಸೌಟಣ್ಣ: ಯಾವ ನೊರೆ?

ಸಿಪಾಯಿ: ಬೆರಳು ದಪ್ಪದ್ದು!

ಸೌಟಣ್ಣ: ನನ್ನ ಚಹಾಕ್ಕೆ ನೊರೆನಾ? ಅದಕ್ಕೆ ಮೈಯಲ್ಲಿ ತ್ರಾಣ ಎಲ್ಲಿತ್ತಪ್ಪಾ ನೊರೆ ಎಬ್ಬಿಸೋಕೆ?

ಸಿಪಾಯಿ: ಹೂವಿನ ಘಮ ಇರ್ತಿತ್ತಲ್ಲೋ!

ಸೌಟಣ್ಣ: ಸೀಮೆಎಣ್ಣೆ ಘಮ ಇರ್ತಿತ್ತು. ನಲವತ್ತು ಜನ ಸಾಕ್ಷಿ ಇದ್ದಾರೆ.

ಆಕೆ ಇಬ್ಬರ ಮುಖವನ್ನೂ ನೋಡಿದಳು. ಲೋಟ ತೊಳೆದು ತೊಳೆದು ಬೆಳೆದ ಬುದ್ಧಿ ಆಕೆಯದು. ಒಂದೇ ಪಾತ್ರೆಯ ಚಹಾ ನಲವತ್ತು ಜನರಿಗೆ ಒಂದು ರುಚಿ, ಒಬ್ಬನಿಗೆ ಇನ್ನೊಂದು ರುಚಿ ಆದರೆ, ತಪ್ಪು ಪಾತ್ರೆಯಲ್ಲಿಲ್ಲ.

ಆಕೆ: ಅಣ್ಣಾ, ಇವ್ರು ಯಾವುದ್ರಲ್ಲಿ ಕುಡೀತಿದ್ರು?

ಸೌಟಣ್ಣ: ಎಲ್ರಿಗೂ ತಗಡಿನ ಮಗ್ಗು ಎರಡೆರಡು ಕೊಟ್ಟಿದ್ರಮ್ಮ. ಒಂದು ಕುಡಿಯೋಕೆ, ಒಂದು ಗಡ್ಡ ಕೆರೆಯೋಕೆ. ಹಿಮ ಬೀಳ್ಲಿ, ಬೆಂಕಿ ಬೀಳ್ಲಿ, ಬೆಳಗಾದ್ರೆ ಗಲ್ಲ ನುಣ್ಣಗಿರ್ಬೇಕು ಅಂತ ಸಾಹೇಬ್ರ ಅಪ್ಪಣೆ. ಈ ನಿನ್ನ ಗಂಡ ಠಾಣ್ಯಕ್ಕೆ ಬಂದ ಮೊದಲ ವಾರದಲ್ಲೇ ಒಂದು ಮಗ್ಗನ್ನ ಕಣಿವೆಗೆ ಉರುಳಿಸಿದ್ದ.

ಸಿಪಾಯಿ: ಉರುಳಿಸ್ಲಿಲ್ಲ. ಗಾಳಿ ಬಂತು.

ಆಕೆ: ಯಾವ ಮಗ್ಗು ಉರುಳಿದ್ದು?

ಸಿಪಾಯಿ ಛಾವಣಿಯ ಕಡೆ ನೋಡಿದ. ಅಲ್ಲಿ ನೋಡುವಂಥದ್ದೇನೂ ಇರಲಿಲ್ಲ.

ಸಿಪಾಯಿ: …ಕುಡಿಯೋದು.

ಆಕೆ: ಹಾಗಾದ್ರೆ ಉಳಿದದ್ದು?

ಸಿಪಾಯಿ: ಉಜ್ಜಿ ತೊಳೀತಿದ್ದೆ ಕಣೇ! ಹಿಮ ಹಾಕಿ ತಿರುವುತ್ತಿದ್ದೆ!

ಸೌಟಣ್ಣ: ಏನು ತೊಳೆಯೋದು, ಸೋಪಿನ ಬಿಲ್ಲೆನ ತಳಕ್ಕೇ ಅಂಟಿಸಿಕೊಂಡಿದ್ಯಲ್ಲೋ! ಗುಲಾಬಿ ಬಣ್ಣದ್ದು! ಗಡ್ಡ ಕೆರೆದ ನೀರು ಚೆಲ್ಲಿ, ಅದೇ ಮಗ್ಗು ನನ್ನ ಮುಂದೆ ಹಿಡೀತಿದ್ದೆ. ಸೋಪು ತೆಗಿ ಅಂತ ನಾನಂದ್ರೆ, ‘ಹೆಪ್ಪುಗಟ್ಟಿದೆ, ಕಲ್ಲಿದ್ದ ಹಾಗಿದೆ, ಏನಾಗಲ್ಲ ಹುಯ್ಯಿ’ ಅಂತಿದ್ದೆ. ಕುದಿಯೋ ಚಹಾ ಬಿದ್ದ ಮೇಲೆ ಕಲ್ಲು ಕಲ್ಲಾಗೇ ಇರತ್ತೇನೋ?

ಆಕೆ ಎದ್ದು ಬಚ್ಚಲಿಗೆ ಹೋದಳು. ಕಿಟಕಿಯ ಮೇಲೆ ಆ ತಗಡಿನ ಮಗ್ಗು ಇತ್ತು. ಮದುವೆಯಾದಂದಿನಿಂದ ಅಲ್ಲೇ ಇತ್ತು. ತಳಕ್ಕೆ ಸೋಪಿನ ಬಿಲ್ಲೆ ಅಂಟಿಸಿಕೊಂಡು ದಿನಾ ಬೆಳಗ್ಗೆ ಸಿಪಾಯಿಯ ಗಡ್ಡಕ್ಕೆ ಒದಗುತ್ತಲೇ ಇತ್ತು. ತಾನು ಊರೆಲ್ಲ ಹುಡುಕಿದ್ದು ತನ್ನ ಬಚ್ಚಲಲ್ಲೇ ಕೂತಿತ್ತಲ್ಲ ಎಂದುಕೊಂಡು ಆಕೆ ಮಗ್ಗು ತಂದು ಮೇಜಿನ ಮೇಲಿಟ್ಟಳು. ಒಲೆಯ ಮೇಲೆ ಕುದಿಯುತ್ತಿದ್ದ ಚಹಾ ಹುಯ್ದಳು.

ನೊರೆ ಎದ್ದಿತು. ಬೆರಳು ದಪ್ಪ ಎದ್ದಿತು. ಮೂವರೂ ಬಗ್ಗಿ ಕಾದರು. ಇಳಿಯಲಿಲ್ಲ.

ಸಿಪಾಯಿ: ಇದು… ಪರೀಕ್ಷೆಗೆ ಒಂದೇ ಗುಟುಕು.

ಕುಡಿದ. ಕಣ್ಣು ಮುಚ್ಚಿದ. ಗಲ್ಲದ ಮೇಲೆ ನೀರಿಳಿಯಿತು.

ಸಿಪಾಯಿ: ಇದೇ… ಇದೇ ಕಣೇ! ಭೇಷ್! ಬಹಳ ಚೆನ್ನಾಗಿ…

ಬಿಕ್ಕಳಿಕೆ ಬಂತು. ತುಟಿಯ ಮೂಲೆಯಿಂದ ಬಟಾಣಿಯಷ್ಟು ಗುಳ್ಳೆಯೊಂದು ಹೊರಟು, ತೇಲಿ, ಸೌಟಣ್ಣನ ಮೂಗಿನ ಮೇಲೆ ಒಡೆಯಿತು. ಸೌಟಣ್ಣ ನಗು ತಡೆಯಲಾರದೆ ಕುರ್ಚಿಯಿಂದ ಜಾರಿದ.

ಆಕೆ ಮಾತ್ರ ನಗಲಿಲ್ಲ. ಮೂವತ್ತೊಂದು ವರ್ಷ ಕಾದ ಮಾತು ಬಂದದ್ದೇನೋ ಬಂತು, ಬಂದದ್ದು ಸೋಪಿಗೆ.

ಆಕೆ: ಈ ಭೇಷ್ ನನಗೆ ಬೇಡ. ಸೋಪು ಮಾಡಿದೋನ ಮನೆ ಎಲ್ಲಿದೆಯೋ ಅಲ್ಲಿಗೆ ಕೊಟ್ಟು ಬನ್ನಿ.

ಅಂದಿನಿಂದ ಸಿಪಾಯಿ ಠಾಣ್ಯದ ಚಹಾದ ಸುದ್ದಿ ಎತ್ತಲಿಲ್ಲ. ಕೊಟ್ಟದ್ದನ್ನು ಕುಡಿದ, ಲೋಟ ಕೆಳಗಿಟ್ಟ. ಬೈಗುಳ ನಿಂತ ಮನೆ ಆಕೆಗೆ ಗಡಿಯಾರ ನಿಂತ ಮನೆಯ ಹಾಗೆ ಕಂಡಿತು. ಒಂದೆರಡು ಸಲ ಬೇಕೆಂದೇ ಸಕ್ಕರೆ ಹಾಕದೆ ಕೊಟ್ಟು ನೋಡಿದಳು. ಅದನ್ನೂ ಕುಡಿದ.

ಏಳು ವರ್ಷ ಹೀಗೇ ಸಾಗಿತು. ಸಿಪಾಯಿ ಹಾಸಿಗೆ ಹಿಡಿದ. ಒಂದು ಬೆಳಗ್ಗೆ ಆಕೆ ಅವನನ್ನು ದಿಂಬಿಗೆ ಒರಗಿಸಿ ಕೂರಿಸಿ, ಚಮಚದಲ್ಲಿ ಚಹಾ ಕುಡಿಸುತ್ತಿದ್ದಳು. ನಾಲ್ಕನೆಯ ಚಮಚಕ್ಕೆ ಅವನು ಬಾಯಿ ತೆರೆಯಲಿಲ್ಲ.

ಸಿಪಾಯಿ: ಇದೇನಿದು? ಇದನ್ನ ಚಹಾ ಅಂತಾರಾ?

ಆಕೆಯ ಕೈಯಲ್ಲಿ ಚಮಚ ನಿಂತಿತು. ಎಷ್ಟೋ ದಿನದ ಮೇಲೆ ನೆಂಟರು ಬಂದ ಹಾಗಾಯಿತು.

ಆಕೆ: ಇನ್ನೇನು, ಸೋಪು ತರ್ಲಾ?

ಸಿಪಾಯಿ: ಸೋಪಿನ ಮಾತು ಬಿಡು. ಮೊದಲ ದಿನ ಸ್ಟೇಷನ್ನಲ್ಲಿ ಕೊಟ್ಟಿದ್ಯಲ್ಲ ಒಂದು ಲೋಟ, ಅದು ಚಹಾ! ಅದಕ್ಕೋಸ್ಕರ ಮೂರು ಸಲ ರೈಲಿಳಿದೆ. ಹೇಳಿದ್ರೆ ನಿನಗೆ ಕೊಬ್ಬು ಬರತ್ತೆ ಅಂತ ಹೇಳ್ಲಿಲ್ಲ. ಆಮೇಲೆ ಒಂದು ದಿನಾನೂ ಆ ರುಚಿ ಬರ್ಲಿಲ್ಲ ನಿನಗೆ. ಏನು ಹಾಕಿದ್ದೆ ಅದಕ್ಕೆ?

ಆಕೆ ಸುಳ್ಳು ಹೇಳಬಹುದಿತ್ತು. ಆದರೆ ಅಳತೆಯ ವಿಷಯದಲ್ಲಿ ಆಕೆ ಯಾರಿಗೂ ಸುಳ್ಳು ಹೇಳಿದವಳಲ್ಲ.

ಆಕೆ: ಮೂರು ಸಲ ಕುದ್ದ ಚರಟ, ಒಂದು ಲೋಟ ಬಿಸಿನೀರು. ಮಿಕ್ಕಿದ್ದೆಲ್ಲ ನಿಮ್ಮ ಮೇಲಿನ ಸಿಟ್ಟು.

ಸಿಪಾಯಿ, ಅಂದು ಅಂಗಡಿಯ ಹಲಗೆ ಬಡಿದ ಹಾಗೆ, ಮಂಚದ ಪಟ್ಟಿಯನ್ನು ಮೆಲ್ಲಗೆ ಮೂರು ಸಲ ಬಡಿದು ಕೇಳಿದ:

“ಒಂದು ಲೋಟಕ್ಕಾಗುವಷ್ಟು ಸಿಟ್ಟು ಇನ್ನೂ ಉಳಿದಿದೆಯೇನೇ?”