ಮೇಷ್ಟ್ರು ಆಯಿಲ್ ಬದಲಿಸಿದ್ದು

ಎಲ್ಲ ರಾದ್ಧಾಂತಕ್ಕೂ ಕಾರಣ ಒಂದು ಒದ್ದೆ ಬಟ್ಟೆ.

ಆ ಭಾನುವಾರ ಬೆಳಿಗ್ಗೆ ಡ್ರಾಯಿಂಗ್ ಮೇಷ್ಟ್ರು ವ್ಯಾನಿನ ಬಾನೆಟ್ ಎತ್ತಿ, ಒಳಗೆ ಅರ್ಧ ಮೈ ತೂರಿಸಿ, ಕೈಗೆ ಸಿಕ್ಕಿದ್ದನ್ನೆಲ್ಲ ಒರೆಸುತ್ತಿದ್ದರು. ಬ್ಯಾಟರಿ ಒರೆಸಿದರು, ಪೈಪುಗಳನ್ನು ಒರೆಸಿದರು, ಬಾನೆಟ್ಟಿನ ಒಳಮೈಯನ್ನೂ ಬಿಡಲಿಲ್ಲ. ಅಲ್ಲಿ ಬೆಳ್ಳಗೆ ಏನೋ ಗೀಚಿದ ಹಾಗಿತ್ತು. ಇಪ್ಪತ್ತು ವರ್ಷದಿಂದ ಮಕ್ಕಳು ಬಾಗಿಲ ಹಿಂದೆ, ಬೆಂಚಿನ ಮೇಲೆ ಗೀಚಿದ್ದನ್ನು ಅಳಿಸಿ ಅಳಿಸಿ ಅವರ ಕೈ ಪಳಗಿತ್ತು. ಓದುವ ಗೋಜಿಗೇ ಹೋಗದೆ ಎರಡೇ ಏಟಿಗೆ ಒರೆಸಿ ಹಾಕಿದರು.

ವ್ಯಾನು ಮಾವನದು. ಮೂವತ್ತು ವರ್ಷ ಅದರಲ್ಲಿ ಮುದ್ರಣಾಲಯದಿಂದ ಪತ್ರಿಕೆಯ ಕಟ್ಟುಗಳನ್ನು ಹೇರಿಕೊಂಡು ಹೋಗಿ ಹಂಚಿದವರು, ಈಗ ಮಂಡಿ ನೋವೆಂದು ಸ್ಟಿಯರಿಂಗ್ ಬಿಟ್ಟಿದ್ದರು. ಅಳಿಯಂದಿರು ಇಬ್ಬರು, ವ್ಯಾನು ಒಂದು. ಮಾವ ಯೋಚಿಸಿ ಒಂದು ದಾರಿ ಹುಡುಕಿದರು. ಒಂದು ತಿಂಗಳು ಕಿರಿಯಳಿಯ ಇಟ್ಟುಕೊಳ್ಳಲಿ, ಇನ್ನೊಂದು ತಿಂಗಳು ಹಿರಿಯಳಿಯ. ಯಾರ ಕೈಯಲ್ಲಿ ಇಂಜಿನ್ನು ಸುಖವಾಗಿರುತ್ತದೋ ಅವರಿಗೇ ಗಾಡಿ. ಕಿರಿಯಳಿಯ, ಅಂದರೆ ಮೇಷ್ಟ್ರ ಷಡ್ಡಕ, ಬ್ಯಾಂಕಿನಲ್ಲಿ ಕ್ಯಾಷಿಯರ್. ಅವರ ತಿಂಗಳು ಮುಗಿದಿತ್ತು. ಮೇಷ್ಟ್ರ ತಿಂಗಳು ಇವತ್ತಿಗೆ ಮುಗಿಯುತ್ತಿತ್ತು. ಸಂಜೆ ನಾಲ್ಕಕ್ಕೆ ಮಾವ ಬಂದು ತೀರ್ಪು ಹೇಳುವವರಿದ್ದರು.

ಮೇಷ್ಟ್ರಿಗೆ ಆ ವ್ಯಾನು ಬೇಕೇ ಬೇಕಿತ್ತು. ಹೆಂಡತಿ, ಇಬ್ಬರು ಹೆಣ್ಣುಮಕ್ಕಳು, ಚಿತ್ರ ಬರೆಯುವ ಹಲಗೆ, ಬಣ್ಣದ ಪೆಟ್ಟಿಗೆ ಇಷ್ಟೂ ಒಂದು ಸ್ಕೂಟರಿನಲ್ಲಿ ಹಿಡಿಸುವುದಿಲ್ಲ. ಕಳೆದ ಮೂರು ಭಾನುವಾರವೂ ಅವರು ಮನೆಮಂದಿಯನ್ನೆಲ್ಲ ವ್ಯಾನಿನಲ್ಲಿ ಕೆರೆ ದಂಡೆಗೆ ಕರೆದೊಯ್ದು, ಹಿಂಬಾಗಿಲು ತೆರೆದಿಟ್ಟು, ಅಲ್ಲೇ ಕಾಲು ಇಳಿಬಿಟ್ಟು ಕೂತು ನೀರಿನ ಚಿತ್ರ ಬರೆದಿದ್ದರು. ಮದುವೆಯಾದ ಮೇಲೆ ಇಷ್ಟು ಸುಖ ಇದೇ ಮೊದಲು ಎಂದು ಬಾಯಿತಪ್ಪಿ ಅಂದು ಹೆಂಡತಿಯಿಂದ ಸರಿಯಾಗಿ ಬೈಸಿಕೊಂಡೂ ಇದ್ದರು.

"ಬರೀ ಒರೆಸಿದ್ರೆ ಆಯ್ತಾ ಮೇಷ್ಟ್ರೇ? ಆಯಿಲ್ ನೋಡಿದ್ರಾ?"

ಮಹಡಿಯಿಂದ ದನಿ ಬಂತು. ಅದು ಹಡಗಿನ ತಾತ. ಇಪ್ಪತ್ತೆರಡು ವರ್ಷ ಸರಕು ಹಡಗಿನಲ್ಲಿ ದುಡಿದು ಬಂದವರು. ಬೀದಿಯಲ್ಲಿ ಯಾವ ಮೋಟಾರು ಕೆಟ್ಟರೂ ಜನ ಮೊದಲು ಅವರ ಮುಖ ನೋಡುತ್ತಿದ್ದರು. ಅಷ್ಟು ದೊಡ್ಡ ಇಂಜಿನ್ ಕಂಡವರಿಗೆ ಇದೆಲ್ಲ ಯಾವ ಲೆಕ್ಕ ಎಂಬುದು ಎಲ್ಲರ ನಂಬಿಕೆ.

ಮೇಷ್ಟ್ರು ಆಯಿಲ್ ಅಳೆಯುವ ಕಡ್ಡಿಯನ್ನು ಎಳೆದು ಬೆಳಕಿಗೆ ಹಿಡಿದರು. ಬಣ್ಣದ ವಿಷಯದಲ್ಲಿ ಅವರಿಗೆ ಯಾರೂ ಪಾಠ ಹೇಳಬೇಕಾಗಿರಲಿಲ್ಲ. ಅದು ಬೂದಿ ಬೆರೆತ ಕಪ್ಪಲ್ಲ, ಕಂದು ಬೆರೆತ ಕಪ್ಪೂ ಅಲ್ಲ. ಶಾಯಿ ಸೀಸೆಯಲ್ಲಿ ಅದ್ದಿ ತೆಗೆದಂಥ ಅಪ್ಪಟ ಕಪ್ಪು. ಅವರ ಪೆಟ್ರೋಲ್ ಸ್ಕೂಟರಿನ ಆಯಿಲ್ ಎಂದೂ ಇಷ್ಟು ಕೆಟ್ಟಿರಲಿಲ್ಲ.

"ಮಸಿಯಾಗಿದೆ ತಾತ."

"ಹಂಗಾದ್ರೆ ಮುಗೀತು. ಬದಲಾಯಿಸಿಬಿಡಿ. ಮಾವ ನೋಡಿದ್ರೆ ಏನಂತಾರೆ?"

ಏನನ್ನುತ್ತಾರೆಂದು ಮೇಷ್ಟ್ರಿಗೆ ಚೆನ್ನಾಗಿ ಗೊತ್ತಿತ್ತು. ಆದರೆ ಯಾವ ಆಯಿಲ್ ಹಾಕುವುದು? ಗಾಡಿಯ ಪುಸ್ತಕ ತೆಗೆದರೆ, ಆಯಿಲ್ ವಿಷಯ ಇದ್ದ ಪುಟದ ಮೇಲೇ ಯಾವ ಕಾಲದಲ್ಲೋ ಆಯಿಲ್ ಚೆಲ್ಲಿತ್ತು. 'ಸರಿಯಾದ ಆಯಿಲ್ ಮಾತ್ರ ಬಳಸಿ, ಇಲ್ಲದಿದ್ದರೆ' ಎಂಬಲ್ಲಿಗೆ ಅಕ್ಷರ ನಿಂತಿತ್ತು. ಇಲ್ಲದಿದ್ದರೆ ಏನು ಎಂಬುದನ್ನು ಮೇಷ್ಟ್ರು ತಾವೇ ಊಹಿಸಿಕೊಂಡು ಬೆವೆತರು.

ಅಷ್ಟರಲ್ಲಿ ಪಕ್ಕದ ಮನೆಯ ಔಷಧಿ ಅಂಗಡಿಯವರು ಬಂದರು. ಕೇಳಿದ್ದಕ್ಕೂ ಕೇಳದ್ದಕ್ಕೂ ಮದ್ದು ಹೇಳುವುದು ಅವರ ಅಭ್ಯಾಸ. "ವಯಸ್ಸಾದ ಗಾಡಿ ಮೇಷ್ಟ್ರೇ. ಕೀಲೆಲ್ಲ ಸವೆದಿರತ್ತೆ. ಇರೋದ್ರಲ್ಲೇ ದಪ್ಪಗಿರೋ ಆಯಿಲ್ ಹಾಕಿ. ತೆಳ್ಳಗಿಂದು ನಿಲ್ಲಲ್ಲ."

ಎದುರುಮನೆ ಚಿಕ್ಕಮ್ಮ ಅರ್ಧ ಡಬ್ಬ ಹಿಡಿದುಕೊಂಡೇ ಬಂದರು. "ನಮ್ಮ ತಮ್ಮನ ಕಾರಿಗೆ ತಂದಿದ್ದು, ಮಿಕ್ಕಿದೆ. ಅವನದು ಪೆಟ್ರೋಲು. ಇಂಜಿನ್ ಅಂದ್ರೆ ಇಂಜಿನ್ನೇ ತಾನೆ? ಸುಮ್ನೆ ಸುರೀರಿ."

"ಹಡಗಲ್ಲಿ ನಾವು ಡಬ್ಬಗಟ್ಲೆ ಎಣ್ಣೆ ಸುರೀತಿದ್ವಿ," ಎಂದರು ಮೇಲಿಂದ ತಾತ. "ಯಾವ್ದು ಏನು ಅಂತ ಒಬ್ಬನೂ ಕೇಳ್ತಿರ್ಲಿಲ್ಲ."

ಮೇಷ್ಟ್ರು ಮೂವರಿಗೂ ತಲೆಯಾಡಿಸಿ, ಸ್ಕೂಟರ್ ಹತ್ತಿ ನೇರವಾಗಿ ಆಯಿಲ್ ಅಂಗಡಿಗೆ ಹೋದರು.

ಗೋಡೆ ತುಂಬ ಡಬ್ಬಗಳು. ಅಂಗಡಿಯವನು ಕನ್ನಡಕ ಮೇಲೇರಿಸಿ ಗಾಡಿ ಯಾವುದು ಎಂದು ಕೇಳಿದ.

"ತಿಳಿ ಬೂದು. ಸ್ವಲ್ಪ ನೀಲಿ ಬೆರೆತಿದೆ," ಎಂದರು ಮೇಷ್ಟ್ರು.

"ಬಣ್ಣ ಅಲ್ಲ ಸಾರ್. ಪೆಟ್ರೋಲಾ, ಡೀಸೆಲ್ಲಾ?"

"ಡೀಸೆಲ್."

"ಹಂಗನ್ನಿ ಮತ್ತೆ. ಹದಿನೈದು ಡಬ್ಲ್ಯು ನಲವತ್ತು. ಮೊದಲನೇ ನಂಬರು ಚಳೀಲಿ ಹೆಂಗೆ ಹರಿಯುತ್ತೆ ಅನ್ನೋಕೆ, ಎರಡನೇದು ಕಾದಾಗ ಎಷ್ಟು ದಪ್ಪ ಉಳಿಯುತ್ತೆ ಅನ್ನೋಕೆ. ಡಬ್ಬದ ಮೇಲೆ ಡೀಸೆಲ್ ಅಂತ ಇರೋದೇ ತಗೋಬೇಕು ಸಾರ್. ಡೀಸೆಲ್ ಇಂಜಿನ್ ಮಸಿ ಜಾಸ್ತಿ ಮಾಡತ್ತೆ, ಅದನ್ನ ಹಿಡಿದಿಟ್ಕೊಳ್ಳೋ ಗುಣ ಆಯಿಲ್‌ಗೆ ಇರ್ಬೇಕು. ಪೆಟ್ರೋಲ್ ಕಾರಿಂದು ಹಾಕ್ಬಿಟ್ಟೀರಿ."

ಮೇಷ್ಟ್ರಿಗೆ ಬಹಳ ಸಂತೋಷವಾಯಿತು. ಪ್ರಪಂಚದಲ್ಲಿ ಒಬ್ಬನಾದರೂ ಕಾರಣ ಕೊಟ್ಟು ಮಾತಾಡಿದ್ದ. ಐದು ಲೀಟರಿನ ಡಬ್ಬ, ಜೊತೆಗೆ ಹೊಸ ಫಿಲ್ಟರು ಕಟ್ಟಿಸಿಕೊಂಡು, ಹಾಡು ಗುನುಗುತ್ತ ಮನೆಗೆ ಬಂದರು.

ಆಯಿಲ್ ಸಲೀಸಾಗಿ ಇಳಿಯಲೆಂದು ಇಂಜಿನ್ನನ್ನು ಹತ್ತು ನಿಮಿಷ ಓಡಿಸಿ ಬೆಚ್ಚಗೆ ಮಾಡಿದರು. ಹೆಂಡತಿ ಬಟ್ಟೆ ನೆನೆಸುವ ಟಬ್ಬನ್ನು ಆಕೆಗೆ ಕಾಣದಂತೆ ತಂದು ಗಾಡಿಯ ಕೆಳಗೆ ತಳ್ಳಿ, ತಾವೂ ತೂರಿಕೊಂಡರು. ಹದಿನೇಳನೇ ನಂಬರಿನ ಸ್ಪ್ಯಾನರಿಗೆ ಆಯಿಲ್ ಇಳಿಸುವ ತಳದ ಬೋಲ್ಟು ಜಪ್ಪಯ್ಯ ಅಂದರೂ ಕದಲಲಿಲ್ಲ. ಕೊನೆಗೆ ಕಾಲು ಕೊಟ್ಟು ಒದ್ದಾಗ ಸಡಿಲವಾಗಿ, ಆಯಿಲ್ ಮೊದಲು ಮೇಷ್ಟ್ರ ಮೊಣಕೈಗೆ, ಆಮೇಲೆ ಕಿವಿಗೆ, ಮಿಕ್ಕಿದ್ದು ಟಬ್ಬಿಗೆ ಇಳಿಯಿತು. ಹೊರಬಂದ ಅಪ್ಪನನ್ನು ಕಂಡು ಚಿಕ್ಕ ಮಗಳು ಅಮ್ಮನನ್ನು ಕೂಗಿದಳು.

"ಟಬ್ ನಂದು," ಎಂದಳು ಹೆಂಡತಿ. ಮಿಕ್ಕ ವಿಷಯವನ್ನು ಆಕೆ ರಾತ್ರಿಗೆ ಇಟ್ಟುಕೊಂಡಳು.

ಹಳೆಯದು ಪೂರ್ತಿ ಇಳಿಯುವ ತನಕ ಎಲ್ಲರೂ ನೆರಳಿನಲ್ಲಿ ಟೀ ಕುಡಿದರು. ಬೋಲ್ಟು ಕಳೆದುಹೋದೀತು ಎಂದು ಚಿಕ್ಕಮ್ಮ ಅದನ್ನು ಕಾಗದದಲ್ಲಿ ಸುತ್ತಿ ತಮ್ಮ ಪರ್ಸಿನಲ್ಲಿ ಇಟ್ಟುಕೊಂಡರು. ಆಮೇಲೆ ಒಲೆಯ ನೆನಪಾಗಿ ಮನೆಗೆ ಹೋದರು. ಮೇಷ್ಟ್ರು ಫಿಲ್ಟರ್ ಬಿಗಿದು, ಆಲಿಕೆ ಇಟ್ಟು ಹೊಸ ಆಯಿಲ್ ಸುರಿಯತೊಡಗಿದರು. ಔಷಧಿ ಅಂಗಡಿಯವರು ಡಬ್ಬಕ್ಕೆ ಕೈ ಕೊಟ್ಟರು, ತಾತ ಮೇಲಿಂದಲೇ "ನಿಧಾನ, ನಿಧಾನ" ಎಂದರು. ಜೇನಿನ ಬಣ್ಣದ ಆಯಿಲ್ ಇಳಿಯುವುದನ್ನು ನೋಡುತ್ತ ಮೇಷ್ಟ್ರು ಮೈಮರೆತರು. ಡಬ್ಬ ಖಾಲಿಯಾಯಿತು.

"ರೀ," ಎಂದಳು ಹೆಂಡತಿ, ಟಬ್ಬನ್ನು ನೋಡಲು ಬಗ್ಗಿದವಳು. "ಮೇಲೆ ಹಾಕಿದ್ದೆಲ್ಲ ಕೆಳಗೆ ಬರ್ತಿದೆಯಲ್ಲ, ಅದು ಹಾಗೇನಾ?"

ಮೇಷ್ಟ್ರು ಬೋಲ್ಟಿಗಾಗಿ ಎದುರುಮನೆಗೆ ಓಡಿದರು, ಆಮೇಲೆ ಮತ್ತೆ ಅಂಗಡಿಗೆ ಓಡಿದರು.

"ಎರಡು ಗಾಡಿನಾ ಸಾರ್?" ಎಂದು ಅಂಗಡಿಯವನು ಗೌರವದಿಂದ ಕೇಳಿದ.

"ಹೂಂ," ಎಂದರು ಮೇಷ್ಟ್ರು.

ನಾಲ್ಕಕ್ಕೆ ಐದು ನಿಮಿಷ ಇರುವಾಗ ಕೆಲಸ ಮುಗಿಯಿತು. ನಾಲ್ಕಕ್ಕೆ ಸರಿಯಾಗಿ ಮಾವ ಬಂದರು, ಜೊತೆಗೆ ಇಸ್ತ್ರಿ ಮಾಡಿದ ಅಂಗಿಯಲ್ಲಿ ಷಡ್ಡಕ. ಷಡ್ಡಕರು ಟೀ ಕುಡಿಯಲು ಒಳಗೆ ಹೋದರು. ಮಾವ ನೇರ ಬಾನೆಟ್ಟಿಗೆ ಹೋಗಿ ಕಡ್ಡಿ ಎಳೆದರು. ನೆರೆಯವರೆಲ್ಲ ಗಾಡಿಯ ಸುತ್ತ ಸೇರಿದರು.

"ಯಾವ ಆಯಿಲು?"

"ಹದಿನೈದು ಡಬ್ಲ್ಯು ನಲವತ್ತು ಮಾವ. ಡೀಸೆಲ್‌ದು."

"ಸರಿಯಾದ್ದೇ. ಯಾರು ಹೇಳಿಕೊಟ್ರು?"

"ಇವರೆಲ್ಲ ಒಂದೊಂದು ಹೇಳಿದ್ರು. ನಾನೇ ವಿಚಾರಿಸಿ ಆರಿಸಿದೆ," ಎಂದರು ಮೇಷ್ಟ್ರು. ಕಿವಿಯೊಳಗೆ ಇನ್ನೂ ಆಯಿಲ್ ಇದ್ದರೂ ಅವರ ಎದೆ ಉಬ್ಬಿತ್ತು.

"ಬದಲಾಯಿಸಿದ್ದು ಯಾಕೆ?"

"ಕಪ್ಪಾಗಿತ್ತು."

ಮಾವ ತಲೆಯೆತ್ತಿ ಬಾನೆಟ್ಟಿನ ಒಳಮೈ ನೋಡಿದರು. ಫಳಫಳ ಹೊಳೆಯುತ್ತಿತ್ತು. "ಇಲ್ಲಿ ಚಾಕ್‌ಪೀಸಲ್ಲಿ ಬರೆದಿದ್ದೆನಲ್ಲ ಅಳಿಯಂದಿರೇ. ಏನಾಯ್ತು?"

ಮೇಷ್ಟ್ರಿಗೆ ಒದ್ದೆ ಬಟ್ಟೆಯ ನೆನಪಾಯಿತು.

"ನಿಮಗೆ ಕೊಡೋ ಹಿಂದಿನ ದಿನ ನಾನೇ ಹೊಸ ಆಯಿಲ್ ಹಾಕಿ, ತಾರೀಕು, ಆಯಿಲ್ ನಂಬರು ಎಲ್ಲ ಬರೆದಿಟ್ಟಿದ್ದೆ. ಇನ್ನೂ ಐದು ತಿಂಗಳು ಬರ್ತಿತ್ತು. ಡೀಸೆಲ್ ಗಾಡೀಲಿ ಹಾಕಿದ ಮೂರನೇ ದಿನಕ್ಕೇ ಆಯಿಲ್ ಕಪ್ಪಾಗತ್ತೆ. ಮಸಿನೆಲ್ಲ ತಾನು ತಗೊಂಡು ಇಂಜಿನ್ ಕಾಯತ್ತೆ. ಕಪ್ಪಾದ್ರೆ ಕೆಲಸ ಮಾಡ್ತಿದೆ ಅಂತ ಅರ್ಥ."

ಎಲ್ಲರೂ ಒಟ್ಟಿಗೆ ಮಹಡಿಯ ಕಡೆ ನೋಡಿದರು.

"ತಾತ," ಎಂದರು ಔಷಧಿ ಅಂಗಡಿಯವರು, "ಹಡಗಲ್ಲಿ ನಿಮ್ಮ ಕೆಲಸ ಏನಿತ್ತು?"

"ಅಡುಗೆ," ಎಂದರು ತಾತ. "ನೀವು ಯಾರೂ ಯಾವತ್ತೂ ಕೇಳ್ಲಿಲ್ಲ."

ಮಾವ ಷಡ್ಡಕರನ್ನು ಹೊರಗೆ ಕರೆದರು. "ನಿಮ್ಮ ತಿಂಗಳಲ್ಲಿ ಇಂಜಿನ್ನಿಗೆ ಏನೇನು ಮಾಡಿದ್ರಿ?"

"ಏನೂ ಮಾಡ್ಲಿಲ್ಲ ಮಾವ. ಬಾನೆಟ್ ಎಲ್ಲಿಂದ ತೆಗೀತಾರೆ ಅಂತಾನೇ ಗೊತ್ತಾಗ್ಲಿಲ್ಲ."

ಮಾವ ಬಾನೆಟ್ ಮುಚ್ಚಿ ಷಡ್ಡಕರ ಕಡೆ ತಿರುಗಿದರು. "ಗಾಡಿ ನಿಮಗೇ ಇರ್ಲಿ. ಮುಟ್ಟದ ಕೈಯಲ್ಲಿ ಇಂಜಿನ್ನು ಬಹಳ ದಿನ ಬಾಳತ್ತೆ."

ಮೇಷ್ಟ್ರ ಕಣ್ಣ ಮುಂದಿನ ಕೆರೆ, ದಂಡೆ, ತೆರೆದ ಹಿಂಬಾಗಿಲು ಎಲ್ಲ ಒಮ್ಮೆಗೇ ಅಳಿಸಿಹೋದವು. ಅವರಿಗೆ ನಿಜವಾಗಿಯೂ ದುಃಖವಾಯಿತು.

ಮಾವ ಅವರ ಭುಜದ ಮೇಲೆ ಕೈಯಿಟ್ಟರು. "ಆದ್ರೆ ಇಷ್ಟು ಜನ ತಲೆಗೊಂದು ಮಾತು ಹೇಳಿದ್ರೂ ಸರಿಯಾದ ಆಯಿಲ್ ಹುಡುಕಿ ತಂದವರು ನೀವು. ಅದು ಎಲ್ಲರ ಕೈಲೂ ಆಗಲ್ಲ. ಇನ್ಮೇಲೆ ಇದರ ಆಯಿಲ್ ಜವಾಬ್ದಾರಿ ನಿಮ್ಮದು." ಹಾಗೆಂದು ಹದಿನೇಳನೇ ನಂಬರಿನ ಸ್ಪ್ಯಾನರನ್ನು ಬಿರುದು ಕೊಟ್ಟಂತೆ ಮೇಷ್ಟ್ರ ಕೈಗಿತ್ತರು. ಹನ್ನೆರಡು ವರ್ಷದಲ್ಲಿ ಮಾವ ಅವರನ್ನು ಹೊಗಳಿದ್ದು ಇದೇ ಮೊದಲು. ಮೇಷ್ಟ್ರಿಗೆ ಹೊಟ್ಟೆ ಉರಿಯುತ್ತಿದ್ದರೂ ಒಳಗೊಳಗೇ ಖುಷಿಯಾಯಿತು. ನೆರೆಯವರು ತಮ್ಮ ಪಾಲೂ ಇದೆಯೆಂಬಂತೆ ತಲೆದೂಗಿದರು.

ಹೊರಡುವ ಮುಂಚೆ ಮಾವ ಕಿರಿಯಳಿಯನಿಗೆ ಬಾನೆಟ್ ತೆಗೆಯುವುದನ್ನೂ ಕಡ್ಡಿ ಇರುವ ಜಾಗವನ್ನೂ ತೋರಿಸಿಕೊಟ್ಟರು. ಷಡ್ಡಕರು ಜೇನು ಬಣ್ಣದ ಆ ಹನಿಯನ್ನು ಮೆಚ್ಚಿ ನೋಡಿ, ಸ್ಟಿಯರಿಂಗ್ ಮುಂದೆ ಕೂತು, ಕಿಟಕಿಯಿಂದ ತಲೆ ಹೊರಹಾಕಿದರು.

"ನೀವು ಚಿಂತೆ ಮಾಡ್ಬೇಡಿ ಭಾವ. ದಿನಾ ಬೆಳಿಗ್ಗೆ ಎದ್ದು ನೋಡ್ತೀನಿ. ಈ ಬಣ್ಣ ಚೂರು ಕಪ್ಪಾದ್ರೂ ನಿಮಗೇ ಫೋನ್ ಮಾಡ್ತೀನಿ."

ಮೇಷ್ಟ್ರು ಬಾಯಿ ತೆರೆಯುವಷ್ಟರಲ್ಲಿ ವ್ಯಾನು ತಿರುವು ದಾಟಿತ್ತು.

ಬುಧವಾರ ಬೆಳಿಗ್ಗೆ ಆರು ಗಂಟೆಗೆ ಫೋನ್ ಬಂತು.