ಮಲ್ಲೇಶಿಯ ಸಿಟ್ಟು ಮತ್ತು ಜೋಳದ ರೊಟ್ಟಿ

ಸಿಟ್ಟು ಕೆಟ್ಟದ್ದು ಎಂದು ಉಪದೇಶ ಮಾಡುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಸಿಟ್ಟು. ಹಾಗೆ ಹೇಳುವವರು ಸಾಮಾನ್ಯವಾಗಿ ಹೊಟ್ಟೆ ತುಂಬ ಉಂಡು, ಎಲೆ ಅಡಿಕೆ ಹಾಕಿಕೊಂಡು, ಗೋಡೆಗೆ ಒರಗಿ ಕೂತವರೇ ಆಗಿರುತ್ತಾರೆ. ಹಸಿ ಕಟ್ಟಿಗೆ ಊದುತ್ತ ಒಲೆಯ ಮುಂದೆ ಕೂತವರ ಬಾಯಲ್ಲಿ ಈ ಮಾತು ನಾನು ಕೇಳಿಲ್ಲ. ನನ್ನ ತವರು ಹಾನಗಲ್ಲು. ಅಲ್ಲಿ ನಮ್ಮ ಮನೆತನದ ಸಿಟ್ಟಿಗೆ ಒಳ್ಳೆಯ ಹೆಸರಿತ್ತು. ನನ್ನನ್ನು ನೋಡಲು ಬಂದವರಿಗೆ ನಮ್ಮಪ್ಪ ಅದೊಂದನ್ನು ಬಿಟ್ಟು ಉಳಿದೆಲ್ಲವನ್ನೂ ಹೇಳಿದ್ದ. ಹಿರೇಕೆರೂರಿನ ಹತ್ತಿರದ ಈ ಹಳ್ಳಿಗೆ ಸೊಸೆಯಾಗಿ ಬಂದ ತಿಂಗಳೊಳಗೆ ಅತ್ತೆಯವರಿಗೆ ಅದು ತಾನಾಗಿಯೇ ತಿಳಿಯಿತು. ಹೀಗಾಗಿ ನನ್ನ ಹಿರಿಯ ಮಗ ಮಲ್ಲೇಶಿಗೆ ಹದಿನೈದು ತುಂಬಿ, ಮೀಸೆಗಿಂತ ಮೊದಲು ಸಿಟ್ಟು ಬಂದಾಗ ಎಲ್ಲರೂ ನನ್ನ ಮುಖವನ್ನೇ ನೋಡಿದರು.

ಅದು ಎರಡನೆಯ ಮಹಾಯುದ್ಧದ ಕಾಲ. ಊರ ಶಾಲೆಯಲ್ಲಿ ಯಾರೋ ಮಾಸ್ತರರ ಸೀಮೆಸುಣ್ಣವನ್ನು ಔಡಲೆಣ್ಣೆಯಲ್ಲಿ ಅದ್ದಿಟ್ಟಿದ್ದರು. ಹಲಗೆಯ ಮೇಲೆ ಎಷ್ಟು ತಿಕ್ಕಿದರೂ ಅಕ್ಷರ ಮೂಡಲಿಲ್ಲ. ಮಾಸ್ತರರು ಸೀಮೆಸುಣ್ಣವನ್ನು ಮೂಸಿದರು; ಆಮೇಲೆ ಹುಡುಗರ ತಲೆಗಳನ್ನು ಒಂದೊಂದಾಗಿ ಮೂಸುತ್ತ ಬಂದರು. ಮಲ್ಲೇಶಿಯ ತಲೆಗೆ ದಿನಾ ಮುಂಜಾನೆ ಔಡಲೆಣ್ಣೆ ಒತ್ತುವವಳು ನಾನು, ಅದೂ ಕಿವಿಯ ಹಿಂದೆ ಇಳಿಯುವಷ್ಟು. ಇನ್ನು ಬೇರೆ ಸಾಕ್ಷಿ ಯಾಕೆ ಬೇಕು? ಆರು ಛಡಿ ಏಟು ಬಿದ್ದವು. ಏಳನೆಯದಕ್ಕೆ ಹುಡುಗ ಕೈ ಚಾಚಲಿಲ್ಲ, ಬರೆಯುವ ಪಾಟಿ ಎತ್ತಿ ಒಗೆದ. ಅದು ತಾಗಿ ಕುಡಿಯುವ ನೀರಿನ ಹರವಿ ಒಡೆಯಿತು, ಮಾಸ್ತರರ ಧೋತರ ಮೊಣಕಾಲವರೆಗೆ ತೊಯ್ದಿತು. ಎಂಟು ದಿನದೊಳಗೆ ಬಂದು ತಪ್ಪೊಪ್ಪಿಕೊಳ್ಳದಿದ್ದರೆ ಶಾಲೆಯಿಂದ ಹೆಸರು ತೆಗೆಯುವುದಾಗಿ ಅವರು ಹೇಳಿ ಕಳಿಸಿದರು. ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆಗೆ ಉಳಿದದ್ದು ಎರಡೇ ತಿಂಗಳು. ಅದು ಪಾಸಾಗದಿದ್ದರೆ ಅವನು ಮಾಸ್ತರನೂ ಆಗುವಂತಿಲ್ಲ, ಊರ ಲೆಕ್ಕ ಬರೆಯುವ ತಲಾಟಿಯೂ ಆಗುವಂತಿಲ್ಲ.

"ನಾ ಮಾಡಲಾರದ್ದಕ್ಕ ತಪ್ಪಾತಂತ ಯಾಕ ಅನ್ಲಿ?" ಎಂದು ಹುಡುಗ ಪಡಸಾಲೆಯ ಕಂಬಕ್ಕೆ ಒದ್ದ. ಕಂಬಕ್ಕೆ ಏನೂ ಆಗಲಿಲ್ಲ. ಅವನ ಹೆಬ್ಬೆರಳಿಗೆ ನಾನು ಅರಿಸಿಣ ಕಟ್ಟಿದೆ.

ನನ್ನ ಗಂಡ ತಣ್ಣಗಿನ ಮನುಷ್ಯ. ಸಿಟ್ಟು ಬಂದಾಗೊಮ್ಮೆ ಒಂದು ತಂಬಿಗೆ ನೀರು ಕುಡಿ ಎಂದು ಮಗನಿಗೆ ಹೇಳಿದರು. ಎರಡು ದಿನದಲ್ಲಿ ಕೊಡಗಳು ಬರಿದಾದವು, ಸಿಟ್ಟು ಇದ್ದಲ್ಲೇ ಇತ್ತು, ಹುಡುಗ ಮಾತ್ರ ಗಳಿಗೆಗೊಮ್ಮೆ ಹಿತ್ತಲಿಗೆ ಓಡುತ್ತಿದ್ದ. ನಾನೂ ಸಮಾಧಾನದ ಮಾತು ಹೇಳಿದೆ. ನಾನು ಹೇಳಿದ ಸಮಾಧಾನ ಆಚೆ ಮೂರನೆಯ ಮನೆಗೂ ಕೇಳಿಸಿತಂತೆ.

ಮೂರನೆಯ ದಿನ ಹೊಲದ ಆಳುಗಳಿಗೆಂದು ಮೂವತ್ತು ರೊಟ್ಟಿ ಬಡಿಯುವುದಿತ್ತು. ಇವನು ಅಡಿಗೆಮನೆಯ ಬಾಗಿಲನ್ನು ಧಡ್ ಎಂದು ತಳ್ಳಿ ಬಂದ. ನನಗೆ ರೇಗಿತು. ಹಿಟ್ಟು ನಾದಿಟ್ಟ ಕಟ್ಟಿಗೆಯ ಕೊಣಮಿಗೆಯನ್ನು ಅವನ ಮುಂದೆ ನೂಕಿ, "ಬಡಿಯೂದ ಇದ್ರ ಇದನ್ನ ಬಡಿ" ಎಂದೆ. ಮೊದಲನೆಯ ರೊಟ್ಟಿ ಮೂರನೆಯ ಏಟಿಗೆ ನಡುವೆ ಹರಿಯಿತು. ಎರಡನೆಯದೂ ಅಷ್ಟೆ. ಜೋಳದ ಹಿಟ್ಟು ಯಾರ ಸಿಟ್ಟಿಗೂ ಅಂಜುವುದಿಲ್ಲ. ಒಂದೇ ಕಡೆ ಜೋರಾಗಿ ಬಡಿದರೆ ಸೀಳುತ್ತದೆ, ಕೈ ಸಡಿಲ ಬಿಟ್ಟರೆ ದಪ್ಪ ಉಳಿಯುತ್ತದೆ. ಒಂದು ಕೈಯಿಂದ ತಿರುಗಿಸುತ್ತ ಇನ್ನೊಂದು ಕೈಯಿಂದ ಸಮನಾಗಿ ಬಡಿಯಬೇಕು. ಏಳನೆಯ ರೊಟ್ಟಿ ದುಂಡಗಾಯಿತು. ಹತ್ತನೆಯದಕ್ಕೆ ಹುಡುಗ ಬಾಯಿ ಬಿಟ್ಟ. ಎಣ್ಣೆ ಹಚ್ಚಿದವನು ಯಾರೆಂದು ಅವನಿಗೆ ಗೊತ್ತಿತ್ತು, ಹೆಸರು ಹೇಳುವ ಮನಸ್ಸಿರಲಿಲ್ಲ. ನಾನು ಹೇಳಿದೆ: "ಸಿಟ್ಟು ಬಂದದ್ದು ಖರೇನ ಐತಿ, ನನಗೂ ಬರ್ತಿತ್ತು. ಆದ್ರ ಸಣ್ಣ ಹುಡುಗ್ರು ಕುಡಿಯೂ ನೀರು ಚೆಲ್ಲಿದೆಲ್ಲೋ." ಅವನು ಇನ್ನೆರಡು ರೊಟ್ಟಿ ಬಡಿದ. ಆಮೇಲೆ, "ಹರವಿ ಒಡದದ್ದು ತಪ್ಪಾತಂತ ಹೇಳ್ತೇನಿ. ಎಣ್ಣಿದು ಹೇಳಂಗಿಲ್ಲ" ಎಂದ.

ದಿನಾ ಹೀಗೇ ನಡೆಯಿತು. ಸವಣೂರಿನಿಂದ ಬಂದಿದ್ದ ನನ್ನ ಗಂಡನ ತಂಗಿ ಗಂಗವ್ವ ಇದನ್ನು ನೋಡಿ ಬಾಯಿಗೆ ಸೆರಗು ಹಿಡಿದಳು. "ವೈನಿ, ಗಂಡು ಹುಡುಗನ ಕೈಲೆ ರೊಟ್ಟಿ ಬಡಸಾಕತ್ತೀರಲ್ರಿ. ನಾಳೆ ಇವಗ ಯಾರು ಹೆಣ್ಣು ಕೊಡ್ತಾರ?"

"ರೊಟ್ಟಿ ತಿನ್ನೂ ಮನಿಯವರು ಕೊಡ್ತಾರ. ನಿನಗ ನಾಚಿಕಿ ಅನಸಿದ್ರ ಅಂವ ಬಡದದ್ದ ಬಿಟ್ಟು ಉಣ್ಣು, ಗಂಗವ್ವ."

ಅವಳು ಅವನದೇ ನಾಲ್ಕು ಉಂಡಳು. ಓಣಿಯ ಹೆಂಗಸರೂ ಬೆಂಕಿ ಕೇಳುವ ನೆಪದಲ್ಲಿ ಬಂದು ಇಣುಕಿ ಹೋದರು. ಇಣುಕಲಿ. ಕಂಬ ಒದೆಯುವ ಗಂಡಸರನ್ನು ಈ ಊರು ಬೇಕಾದಷ್ಟು ಸಾಕಿದೆ. ರೊಟ್ಟಿ ಬಡಿಯುವವನನ್ನು ನಾನೊಬ್ಬಳು ಸಾಕಿದರೆ ಯಾರ ಗಂಟೂ ಹೋಗುವುದಿಲ್ಲ.

ಎಂಟನೆಯ ದಿನ ಶಾಲೆಗೆ ಹೊರಟೆವು. ಗಂಡ ಶಿಗ್ಗಾವಿಗೆ ನೆಂಟರ ಮನೆಗೆ ಹೋಗಿದ್ದರು. ನಿಜ ಹೇಳಬೇಕೆಂದರೆ ಅದಕ್ಕಾಗಿಯೇ ನಾನು ಆ ದಿನದವರೆಗೆ ಕಾದಿದ್ದೆ; ಅವರು ಊರಲ್ಲಿದ್ದರೆ ನನ್ನನ್ನು ಮನೆಯಲ್ಲಿ ಬಿಟ್ಟು ತಾವೇ ಹೋಗುತ್ತಿದ್ದರು. ಸಿಟ್ಟಾಗಬ್ಯಾಡ, ದನಿ ಏರಸಬ್ಯಾಡ ಎಂದು ದಾರಿಯುದ್ದಕ್ಕೂ ಮಗನಿಗೆ ಹೇಳುತ್ತ ಬಂದೆ. ಅವನು ಮನೆಯಿಂದ ಹೊತ್ತು ತಂದ ಹರವಿಯನ್ನು ಮಾಸ್ತರರ ಮುಂದೆ ಇಳಿಸಿ ಕೈಮುಗಿದ. "ಹರವಿ ಒಡದದ್ದು ನನ್ನ ತಪ್ಪಾತ್ರಿ. ಸೀಮಿಸುಣ್ಣಕ್ಕ ಎಣ್ಣಿ ಹಚ್ಚಿದಾಂವ ಮಾತ್ರ ನಾ ಅಲ್ರಿ." ದನಿ ನಡುಗಲಿಲ್ಲ, ಏರಲೂ ಇಲ್ಲ. ನನ್ನ ಎದೆ ತುಂಬಿ ಬಂತು. ಮಾಸ್ತರರ ಮುಖವೂ ಸ್ವಲ್ಪ ಸಡಿಲಾಯಿತು. ಅಲ್ಲಿಗೆ ಬಿಡಬಹುದಿತ್ತು. ಆದರೆ ಅವರು, "ಇರ್ಲಿ ಬಿಡು. ವಾಸನಿ ಮಾತ್ರ ನಿನ್ನ ತಲೀದ ಇತ್ತು" ಎಂದರು.

"ಊರಾಗ ಔಡಲೆಣ್ಣಿ ಹಚ್ಚಲಾರದ ತಲಿ ಯಾವದೈತ್ರಿ? ನಿಮ್ಮ ತಲಿ ಮೂಸಿ ನೋಡಿಕೊಂಡೀರೇನು?" ಎಂದು ಕೇಳಿದ್ದು ನನಗೆ ನೆನಪಿದೆ. ಮುಂದಿನದು ಅಷ್ಟು ನೆನಪಿಲ್ಲ. ಮೇಜಿನ ಮೇಲಿದ್ದ ಛಡಿ ನನ್ನ ಕೈಯಲ್ಲಿ ಎರಡು ತುಂಡಾಯಿತೆಂದು ಮಲ್ಲೇಶಿ ಹೇಳುತ್ತಾನೆ. ಬೇರೆ ವರ್ಗದ ಹುಡುಗರೆಲ್ಲ ಬಾಗಿಲಿಗೆ ಬಂದು ನಿಂತರು. ಮಾಸ್ತರರು ರುಮಾಲು ಎತ್ತಿ, ತಲೆ ಸವರಿ, ಬೆರಳು ಮೂಸಿದ್ದನ್ನು ಶಾಲೆಯೇ ನೋಡಿತು. ಮಗ ನನ್ನ ಮೊಣಕೈ ಹಿಡಿದು ಮೆಲ್ಲಗೆ, "ಅವ್ವಾ, ಸಾಕು, ಹೊರಗ ನಡಿ" ಎಂದ.

ಮಾಸ್ತರರು ರುಮಾಲು ಸರಿಮಾಡಿಕೊಂಡರು. "ಹುಡುಗ ನಾಳೆಯಿಂದ ಬರ್ಲಿ, ಮುಲ್ಕಿಗೆ ಕೂಡ್ಲಿ. ಆದ್ರ ಇನ್ನ ಮ್ಯಾಲೆ ಏನರ ಇದ್ರ ಇವರಪ್ಪನ್ನ ಕಳಸ್ರಿ. ನೀವು ಈ ಶಾಲಿ ಕಟ್ಟಿ ಹತ್ತಬ್ಯಾಡ್ರಿ" ಎಂದರು.

ನಾನು ಆಡಿದ ಒಂದು ಮಾತಿಗೂ ನನಗೆ ಇವತ್ತಿಗೂ ಪಶ್ಚಾತ್ತಾಪವಿಲ್ಲ. ಮಗನ ಹೆಸರು ಹಾಜರಿಯಲ್ಲಿ ಉಳಿಯಿತು. ಶಾಲೆಯಿಂದ ಹೆಸರು ತೆಗೆಸಿಕೊಂಡು ಮನೆಗೆ ಬಂದವಳು ನಾನು.