ಅಕ್ಕಯ್ಯ ಕಟ್ಟಿದ ಒಂದೇ ಮುದ್ದೆ

ಸುಳ್ಳು ಹೇಳುವುದಕ್ಕೆ ಬಾಯಿ ಬೇಕು ಎಂದು ಜನ ತಿಳಿದಿದ್ದಾರೆ. ನಾನು ನಾಲ್ಕನೇ ಕ್ಲಾಸಿಗೇ ಸ್ಲೇಟು ಮೂಲೆಗಿಟ್ಟವಳು. ಆದರೂ ಅನುಭವದ ಮೇಲೆ ಹೇಳುತ್ತೇನೆ, ಕೈಯಿಂದಲೂ ಹೇಳಬಹುದು. ಎರಡು ತಿಂಗಳು ನಾನು ಹಾಗೆ ಹೇಳಿದೆ, ಅದೂ ದಿನಕ್ಕೆರಡು ಸಲ, ತಮ್ಮನ ತಟ್ಟೆಯೊಳಗೆ.

ತಮ್ಮ ಈರಣ್ಣ ಒಂದು ಕಾಲದಲ್ಲಿ ಕುರಿಗಳ ಹಿಂದೆ ಬರಗೂರಿನ ಆಚೆಯವರೆಗೂ ನಡೆಯುತ್ತಿದ್ದವನು. ಟಗರು ವ್ಯಾಪಾರಕ್ಕಿಳಿದು ಬೈಕು ತೆಗೆದುಕೊಂಡ ಮೇಲೆ ನಡಿಗೆ ನಿಂತಿತು, ಊಟ ನಿಲ್ಲಲಿಲ್ಲ. ಮೊಣಕಾಲು ಕಟಕಟ ಎನ್ನತೊಡಗಿತು, ಸಕ್ಕರೆ ಕಾಯಿಲೆ ಹೊಸ್ತಿಲವರೆಗೆ ಬಂತು. ಸರ್ಕಾರಿ ಆಸ್ಪತ್ರೆಯ ಡಾಕ್ಟರಮ್ಮ, ‘ಮೂರು ತಿಂಗಳು ಟೈಮ್ ಕೊಡ್ತೀನಿ. ತೂಕ ಇಳಿದ್ರೆ ಸರಿ, ಇಲ್ಲಾಂದ್ರೆ ಮಾತ್ರೆ ಶುರು’ ಎಂದು ಅವನನ್ನು ಗುರುವಾರದ ಗುಂಪಿಗೆ ಸೇರಿಸಿದರು. ಹತ್ತು ಜನ ದಪ್ಪನೆಯವರನ್ನು ಒಟ್ಟಿಗೆ ಕೂರಿಸಿ ನೋಡುವ ಏರ್ಪಾಡು ಅದು. ಒಬ್ಬೊಬ್ಬರೇ ಒಳಗೆ ಹೋಗಿ ಏನೋ ಒಂದು ಹೇಳಿ ಬರುವ ಸೌಕರ್ಯವಿಲ್ಲ. ಎಲ್ಲರೆದುರಿಗೇ ತೂಕದ ಮೆಷಿನ್ ಹತ್ತಬೇಕು, ವಾರವಿಡೀ ತಿಂದದ್ದನ್ನು ಎಲ್ಲರೆದುರಿಗೇ ಒಪ್ಪಿಸಬೇಕು. ಬೇಕರಿಯ ಬಾಷಾ ಸಾಬರು, ‘ರುಚಿ ನೋಡ್ದೆ ಗಿರಾಕಿಗೆ ಹೆಂಗೆ ಕೊಡೋದು ಮೇಡಂ’ ಎಂದರೆ ಬೆಂಚುಗಳೆಲ್ಲ ನಗುವಿಗೆ ಕಿರುಗುಟ್ಟುತ್ತಿದ್ದವು. ಬೈಕಿನ ಹಿಂದೆ ಕೂತು ಹೋಗುತ್ತಿದ್ದ ನಾನು ಗೋಡೆಗೊರಗಿ ಸಿನಿಮಾ ನೋಡುವಂತೆ ನೋಡುತ್ತಿದ್ದೆ. ನಾನೇನು ಸಣಕಲಿಯಲ್ಲ, ಆದರೆ ನನ್ನ ಹೆಸರು ಪಟ್ಟಿಯಲ್ಲಿರಲಿಲ್ಲವಲ್ಲ.

ಗಂಡ ತೀರಿಕೊಂಡ ಮೇಲೆ ತಮ್ಮನ ಮನೆಯಲ್ಲೇ ಇದ್ದೇನೆ, ಮುದ್ದೆ ತಿರುವುವುದು ನನ್ನ ಪಾಲು. ಡಾಕ್ಟರಮ್ಮ ಹೇಳಿದ್ದು, ಹೊತ್ತಿಗೆ ಒಂದೇ ಮುದ್ದೆ. ಎಷ್ಟು ದೊಡ್ಡದು ಎಂದು ಅವರು ಹೇಳಲಿಲ್ಲ, ನಾನು ಕೇಳಲಿಲ್ಲ. ಮೊದಲು ಎರಡಾಗುತ್ತಿದ್ದ ಹಿಟ್ಟನ್ನು ಕೈ ಒದ್ದೆ ಮಾಡಿಕೊಂಡು ಒಂದಾಗಿ ಕಟ್ಟತೊಡಗಿದೆ. ಒಂದೇ ದಿನಕ್ಕಲ್ಲ, ಅನುಮಾನ ಬಾರದಂತೆ ದಿನದಿನಕ್ಕೆ ಬೆಳೆಸಿದೆ. ಕೊನೆಕೊನೆಗೆ ಅದು ತಟ್ಟೆಯಲ್ಲಿ ನಿಡುಗಲ್ ಬೆಟ್ಟದಂತೆ ಕೂತು, ಸಾರು ಹರಿಯಲು ಜಾಗ ಹುಡುಕುತ್ತಿತ್ತು. ಈರಣ್ಣ ಮಾತ್ರ ದೇವರಾಣೆಗೂ ಒಂದೇ ಉಂಡ.

ಇದಕ್ಕೊಂದು ಹಳೆಯ ಕಾರಣವಿದೆ. ಚಿಕ್ಕವರಿದ್ದಾಗ ಕುರಿ ಕಾಯುವ ತಮ್ಮನಿಗೆ ಬುತ್ತಿ ಒಯ್ಯುವವಳು ನಾನು. ಬೇವಿನ ಮರದ ಹತ್ತಿರ ಮುದ್ದೆಯಿಂದ ಒಂದು ಚೂರು ಗಿಲ್ಲಿ ಬಾಯಿಗೆ ಹಾಕಿಕೊಂಡು ಮತ್ತೆ ಗುಂಡಗೆ ಮಾಡುತ್ತಿದ್ದೆ. ಕೆರೆ ಏರಿಯ ಮೇಲೆ ಇನ್ನೊಂದು ಚೂರು. ಅವನ ಕೈ ಸೇರುವ ಹೊತ್ತಿಗೆ ಅದು ನಿಂಬೆಹಣ್ಣಿಗಿಂತ ತುಸು ದೊಡ್ಡದಿರುತ್ತಿತ್ತು. ‘ಅವ್ವ ಇಷ್ಟೇ ಕೊಟ್ಲಾ ಅಕ್ಕಯ್ಯ?’ ಎನ್ನುತ್ತಿದ್ದ. ಆ ಮುಖ ನೆನಪಾದರೆ ಇವತ್ತಿಗೂ ನನ್ನ ಕೈ ತಾನಾಗಿ ಹಿಟ್ಟು ಹೆಚ್ಚು ಬಾಚುತ್ತದೆ.

ಗುಂಪಿನಲ್ಲಿ ಎಲ್ಲರೂ ಇಳಿದರು, ಈರಣ್ಣ ಏರಿದ. ಒಂದು ಗುರುವಾರ ಹೂವಿನ ನಂಜಮ್ಮ ಕೇಳಿಯೇ ಬಿಟ್ಟಳು: ‘ಲೇ ಈರಣ್ಣ, ಕದ್ದು ತಿಂತೀಯ ಕಣ್ಲಾ ನೀನು. ಬೋಂಡದಂಗಡಿ ಮುಂದೆ ನಿನ್ ಬೈಕು ತಾನಾಗೇ ನಿಂತ್ಕತದೆ.’

‘ಒಂದೇ ಮುದ್ದೆ ಕಣಮ್ಮ. ಬೇಕಾದ್ರೆ ಅಕ್ಕಯ್ಯನ್ನ ಕೇಳು.’

ಎಲ್ಲರೂ ನನ್ನತ್ತ ತಿರುಗಿದರು. ‘ಹೂಂ, ಒಂದೇ’ ಎಂದೆ. ಲೆಕ್ಕಕ್ಕೆ ನಿಜವೇ. ಆಗ ಡಾಕ್ಟರಮ್ಮ, ‘ಮುಂದಿನ ವಾರ ಎಲ್ಲರೂ ಮನೆಯಿಂದ ಒಂದೊಂದು ಮುದ್ದೆ ತನ್ನಿ, ನೋಡೋಣ’ ಎಂದರು. ದಾರಿಯಲ್ಲಿ ತಮ್ಮ ಬೈಕು ನಿಲ್ಲಿಸಿ, ‘ನಾನಿನ್ನು ಅಲ್ಲಿಗೆ ಬರಲ್ಲ ಕಣಕ್ಕ. ಜನದ ಮುಂದೆ ಕಳ್ಳ ಆಗ್ಬುಟ್ಟೆ’ ಎಂದ. ಇದೊಂದು ವಾರ ಬಾ ಎಂದು ಗೋಗರೆದೆ.

ಗುರುವಾರ ಬೆಳಿಗ್ಗೆ ಒಲೆಯ ಮುಂದೆ ಬಹಳ ಹೊತ್ತು ನಿಂತಿದ್ದೆ. ಸಣ್ಣ ಮುದ್ದೆ ಕಟ್ಟಿದರೆ ನಾನು ಉಳಿಯುತ್ತೇನೆ, ತಮ್ಮ ಸಾಯುವವರೆಗೂ ಬೋಂಡ ಕಳ್ಳನಾಗಿರುತ್ತಾನೆ. ದಿನದ ಮುದ್ದೆಯನ್ನೇ ಕಟ್ಟಿದೆ. ಅದು ಯಾವ ಡಬ್ಬಿಗೂ ಹಿಡಿಸದೆ, ಪಾತ್ರೆಯಲ್ಲಿಟ್ಟು ಬಟ್ಟೆ ಮುಚ್ಚಿ ಮಡಿಲಲ್ಲಿಟ್ಟುಕೊಂಡು ಹೋದೆ. ಮೇಜಿನ ಮೇಲೆ ಉಳಿದ ಮುದ್ದೆಗಳು ಅದರ ಮರಿಗಳಂತೆ ಕಂಡವು.

‘ಇದೇನಮ್ಮ ಇದು, ನಮ್ಮನೆಯೋರೆಲ್ಲ ಕೂತು ಉಣ್ಬೌದಲ್ಲ’ ಎಂದಳು ನಂಜಮ್ಮ.

ಎದ್ದು ನಿಂತು ಎಲ್ಲವನ್ನೂ ಹೇಳಿಬಿಟ್ಟೆ, ಬೇವಿನ ಮರ, ಕೆರೆ ಏರಿ ಸಮೇತ. ಮೊದಲು ನಕ್ಕವನು ಈರಣ್ಣನೇ. ‘ಅದು ನಂಗೆ ಅವಾಗ್ಲೇ ಗೊತ್ತಿತ್ತು ಕಣಕ್ಕ. ಮುದ್ದೆ ತುಂಬ ನಿನ್ ಬೆರಳಚ್ಚೇ ಇರ್ತಿತ್ತು.’

‘ಮತ್ತೆ ಅವ್ವಂಗೆ ಯಾಕೋ ಹೇಳ್ಲಿಲ್ಲ?’

‘ಹೇಳಿದ್ರೆ ನೀನು ಬುತ್ತಿ ತರೋದೇ ಬುಡ್ತಿದ್ದೆ.’

ಬೆಂಚುಗಳು ಆ ದಿನ ಮುರಿಯದಿದ್ದದ್ದು ದೊಡ್ಡದು. ನಂಜಮ್ಮ ಅವನ ಬೆನ್ನಿಗೊಂದು ಗುದ್ದಿ, ‘ತಪ್ಪಾಯ್ತು ಬುಡಪ್ಪ’ ಎಂದಳು. ಡಾಕ್ಟರಮ್ಮ ತಮ್ಮನಿಗೆ ಇನ್ನೂ ಮೂರು ತಿಂಗಳು ಕೊಟ್ಟು, ಮುಷ್ಟಿ ತೋರಿಸಿ ‘ಇಷ್ಟೇ’ ಎಂದರು. ಆಮೇಲೆ, ‘ಅಮ್ಮಾ, ನೀವೂ ಒಂದ್ಸಲ ಹತ್ತಿ’ ಎಂದು ನನ್ನನ್ನೇ ಮೆಷಿನ್ ಕಡೆ ಕರೆದರು. ಅಂಕಿ ತಮ್ಮನದನ್ನು ದಾಟಿ ಹೋಗಿ ನಿಂತಿತು. ಗುಂಪಿನಲ್ಲಿ ಹತ್ತು ಇದ್ದವರು ಹನ್ನೊಂದಾದೆವು.

ಈಗ ನಮ್ಮ ಮನೆಯಲ್ಲಿ ಬಡಿಸುವವನು ಈರಣ್ಣ. ನನ್ನ ಮುದ್ದೆ ತಟ್ಟೆಗೆ ಬರುವ ಮುಂಚೆ ಅದರಿಂದ ಒಂದು ಚೂರು ಅವನ ಬಾಯಿಗೆ ಹೋಗುತ್ತದೆ. ಬೆರಳಚ್ಚು ಕಾಣುತ್ತದೆ, ನಾನು ಸುಮ್ಮನಿರುತ್ತೇನೆ. ಹೋದ ಗುರುವಾರ ಎಲ್ಲರಿಗಿಂತ ಹೆಚ್ಚು ಇಳಿದವಳು ನಾನೇ. ‘ಇವರ ಮನಸ್ಸಿನ ಹಿಡಿತ ನೋಡಿ ಕಲೀರಿ’ ಎಂದು ಡಾಕ್ಟರಮ್ಮ ಚಪ್ಪಾಳೆ ತಟ್ಟಿಸಿದರು. ಎಲ್ಲ ಹೇಳಿಬಿಡಬೇಕೆಂದು ಬಾಯಿ ತೆರೆದೆ. ಚಪ್ಪಾಳೆ ಇನ್ನೂ ಬರುತ್ತಿತ್ತು. ಕೈ ಮುಗಿದು ಕೂತೆ.